ದೊಡ್ಡಪ್ಪನ .315 ರೈಫಲ್: ವಯಸ್ಸೆಷ್ಟು, ಅಸಲು ಭಾಗಗಳು ಯಾವುವು?

ಹಾನುಬಾಳು ಕಾಫಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಕಡೆ. ದೊಡ್ಡಪ್ಪನಿಗೆ ಈಗ ಎಪ್ಪತ್ತೆಂಟು ವರ್ಷ. ಮನೆಯ ಹಳೆಯ ರೈಫಲನ್ನು ನನ್ನ ಹೆಸರಿಗೆ ವರ್ಗಾಯಿಸಬೇಕೆಂದು ಹಟ ಹಿಡಿದಿದ್ದಾರೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ ಎಪ್ಪತ್ತು ತುಂಬಿದ್ದರೆ ವಾರಸುದಾರರಿಗೆ ಕೊಡಬಹುದಂತೆ, ಅರ್ಜಿ ಸಿದ್ಧವಾಗುತ್ತಿದೆ. ಅರ್ಜಿಯಲ್ಲಿ ತಯಾರಕರ ಹೆಸರು ಮತ್ತು ಕ್ರಮಸಂಖ್ಯೆ ಬರೆಯುವಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ದೊಡ್ಡಪ್ಪ ಹೇಳುವ ಕತೆ ಇದು: ತೋಟದ ದೊರೆ 1911ರ ದೆಹಲಿ ದರ್ಬಾರಿಗೆ ಹೋದಾಗ ಕೊಂಡದ್ದು, ಮೊದಲನೆಯ ಮಹಾಯುದ್ಧಕ್ಕೂ ಒಯ್ದಿದ್ದ, ಸ್ವಾತಂತ್ರ್ಯ ಬಂದ ಮೇಲೆ ತೋಟ ಮಾರಿ ಹೊರಟಾಗ ನಮ್ಮ ಅಜ್ಜನಿಗೆ ಕೊಟ್ಟ.

ಕಣ್ಣಿಗೆ ಕಂಡದ್ದು ಇಷ್ಟು. ಬೋಲ್ಟ್ ರೈಫಲ್ (ಕೈಹಿಡಿಯಿಂದ ಎಳೆದು ತಳ್ಳುವ, ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ದಿಂಡೇ ಬೋಲ್ಟ್), ಅಳತೆ .315 ಇಂಚು. ಹಿಡಿ ಎರಡು ತುಂಡು: ಹಿಂದಿನದು ಕಂದು ಬಣ್ಣದ ನುಣುಪು ಮರ, ಮುಂದಿನದು ಕಪ್ಪಗೆ ಬಹಳ ಭಾರವಾಗಿದೆ. ನಳಿಗೆಯ ಮೇಲೆ ‘ರೋಡಾ ಅಂಡ್ ಕಂಪನಿ, ಕಲ್ಕತ್ತಾ’ ಎಂದು ಕೆತ್ತಿದೆ. ಬುಡದಲ್ಲಿ ಪುಟ್ಟ ಪುಟ್ಟ ಕಿರೀಟಗಳು, ಅವುಗಳ ಕೆಳಗೆ ಅಕ್ಷರಗಳು. ಒಂದು ಕಡೆ 244 ಎಂಬ ಸಂಖ್ಯೆ ಇದೆ. ಒಡಲಿನ (ನಳಿಗೆ, ಬೋಲ್ಟ್ ಕೂರುವ ಉಕ್ಕಿನ ನಡುಭಾಗ) ಬಲಬದಿಯಲ್ಲಿ ಒಂದು ಸಂಖ್ಯೆ, ಬೋಲ್ಟಿನ ಕೈಹಿಡಿಯ ಬುಡದಲ್ಲಿ ಇನ್ನೊಂದು. ಪರವಾನಗಿ ಪುಸ್ತಕದಲ್ಲಿ ‘ತಯಾರಕರು: ರೋಡಾ’ ಎಂದಿದೆ. ಇವುಗಳಲ್ಲಿ ಕ್ರಮಸಂಖ್ಯೆ ಯಾವುದು?

ಹಳೇ ಸಾಮಾನು

ಮೊದಲು ಒಂದು ಮಾತು. ಪೂರ್ತಿ ಸಂಖ್ಯೆಯನ್ನು ಇಲ್ಲಿ ಹಾಕಬೇಡಿ. ಕೊನೆಯ ಎರಡು ಅಂಕಿ ಸಾಕು.

ರೋಡಾ ತಯಾರಕರಲ್ಲ, ಅಂಗಡಿಯವರು. ಇಂಗ್ಲೆಂಡಿನಿಂದ ಕೋವಿ ತರಿಸಿ, ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದರು. ಹೆಸರು ಎಲ್ಲೋ ಕೇಳಿದ ಹಾಗಿದ್ದರೆ ಆಶ್ಚರ್ಯವಿಲ್ಲ. 1914ರ ಆಗಸ್ಟ್ 26ರಂದು ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು, 46,000 ತೋಟೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಮಾಯವಾದದ್ದು ಇದೇ ಕಂಪನಿಯ ಸರಕಿನಿಂದ. ಜವಳಿ ಅಂಗಡಿಯ ಚೀಲದ ಮೇಲಿನ ಹೆಸರು ನೋಡಿ ಸೀರೆ ನೇಯ್ದವರು ಯಾರೆಂದು ಹೇಳಲಾಗುತ್ತದೆಯೇ? ಇದೂ ಹಾಗೆಯೇ. ಒಂದರ ಮೇಲೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕುಗಳ ಚಿತ್ರ ಎಲ್ಲಾದರೂ ಇದೆಯೇ ನೋಡಿ. ಬೋಲ್ಟಿನ ಹಿಂದೆ, ಹಿಡಿ ಸಿಕ್ಕಿಕೊಳ್ಳುವ ಉಕ್ಕಿನ ಪಟ್ಟಿಯನ್ನು ಮೊದಲು ಹುಡುಕಿ.

ನಿವೃತ್ತ ಆರ್ಮರರ್

ಸೈನ್ಯದ ದುರಸ್ತಿ ವಿಭಾಗವಾದ ಇಎಂಇ ದಳದಲ್ಲಿ ಇಪ್ಪತ್ತಾರು ವರ್ಷ ಆರ್ಮರರ್, ಅಂದರೆ ಬಂದೂಕು ರಿಪೇರಿಯವನು, ಆಗಿದ್ದೆ. ಹಿಡಿ ಎರಡು ತುಂಡು ಎಂದಿರಿ. ಹಾಗಿದ್ದರೆ ಇದು ಲೀ ಮಾದರಿ. ಸೈನ್ಯದಲ್ಲಿ ‘ತ್ರೀ ನಾಟ್ ತ್ರೀ’ ಎಂದು ಕರೆಯುತ್ತಿದ್ದೆವಲ್ಲ, ಅದರ ಶಿಕಾರಿ ತಮ್ಮ. ಹಿಂಬದಿಯ ಹಿಡಿಯೊಳಗೆ ಉದ್ದನೆಯ ಒಂದು ತಿರುಪು ಮೊಳೆ ಹಾದುಹೋಗಿ ಒಡಲಿಗೆ ಬಿಗಿಯುತ್ತದೆ. ಮೌಸರ್ ಆಗಿದ್ದರೆ ಮರ ಒಂದೇ ತುಂಡು.

ದರ್ಬಾರಿನ ಕತೆ ಇನ್ನೂ ಉಳಿಯಬಹುದು. ಯುದ್ಧದ ಕತೆ ಮಾತ್ರ ಈಗಲೇ ಬಿತ್ತು. .315 ಎಂದರೆ ಆಸ್ಟ್ರಿಯಾದವರ 8 ಮಿ.ಮೀ. ಮಾನ್‌ಲಿಷರ್ ತೋಟೆ. ಬ್ರಿಟಿಷ್ ಸೈನ್ಯದ ತೋಟೆ .303. ಎದುರಾಳಿಯ ತೋಟೆ ಹಾರಿಸುವ ರೈಫಲನ್ನು ಯಾವ ದೊರೆ ಯುದ್ಧಕ್ಕೆ ಒಯ್ದಾನು?

ಅದು ನಮ್ಮ ದೇಶಕ್ಕೆ ಬಂದ ಕಾರಣ ಬೇರೆ. ಸೈನ್ಯದ ತೋಟೆ ಹಾರಿಸುವ ಬಂದೂಕು ಇಲ್ಲಿನ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು 20ನೇ ಶತಮಾನದ ಮೊದಲ ದಶಕದಲ್ಲಿ .303 ಮತ್ತು .450 ಎರಡನ್ನೂ ಭಾರತದಲ್ಲಿ ನಿಷೇಧಿಸಿದರು. ವ್ಯಾಪಾರ ಕೈಬಿಡಲು ಕಂಪನಿಗಳು ಸಿದ್ಧವಿರಲಿಲ್ಲ. ಅದೇ ಲೀ ಒಡಲಿಗೆ 8 ಮಿ.ಮೀ. ನಳಿಗೆ ಹಾಕಿ ಭಾರತಕ್ಕೆ ಕಳಿಸಿದವು. ಇವತ್ತಿಗೂ .303 ನಾಗರಿಕರಿಗೆ ನಿಷಿದ್ಧ, .315 ಸಿಗುತ್ತದೆ. ಇಷಾಪುರದ ಕಾರ್ಖಾನೆ ಸ್ವಾತಂತ್ರ್ಯದ ನಂತರವೂ ಇದೇ ತೋಟೆಯ ಶಿಕಾರಿ ರೈಫಲ್ ಮಾಡುತ್ತಾ ಬಂದಿದೆ.

244 ಎಂಬುದು ಕ್ರಮಸಂಖ್ಯೆಯಲ್ಲ, ಗುಂಡಿನ ತೂಕ. ಗ್ರೇನ್ ಲೆಕ್ಕ. 16 ಗ್ರಾಮಿಗೆ ಸ್ವಲ್ಪ ಕಡಿಮೆ.

ಕರಿಮೆಣಸು

ನನ್ನ ಸಲಹೆ ಕೇಳಿದರೆ ಮೊದಲು ಚೆನ್ನಾಗಿ ಉಜ್ಜಿ ಪಾಲಿಶ್ ಮಾಡಿಸಿ, ಹೊಸದಾಗಿ ನೀಲಿ ಬಣ್ಣ ಹಾಕಿಸಿ. ಆಮೇಲೆ ಅಕ್ಷರ ಸಲೀಸಾಗಿ ಕಾಣುತ್ತವೆ.

ಹಳೇ ಸಾಮಾನು

ಅಯ್ಯೋ, ಬೇಡ! ಶಾಸನದ ಅಕ್ಷರ ಓದುವುದಕ್ಕೆ ಕಲ್ಲನ್ನೇ ಉಳಿಯಿಂದ ಕೆತ್ತಿದಂತಾಯಿತು.

ಉಜ್ಜಿದರೆ ಮೊದಲು ಸಾಯುವುದು ಅಕ್ಷರವೇ. ಕಾನೂನಿನ ಪೆಟ್ಟು ಬೇರೆ. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಕೋವಿಯ ಹೆಸರು, ಸಂಖ್ಯೆ, ಗುರುತು ಯಾವುದನ್ನೂ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ತಯಾರಕರ ಹೆಸರು, ಸಂಖ್ಯೆ ಇಲ್ಲದ ಕೋವಿಯನ್ನು ಮಾರುವುದಕ್ಕಾಗಲಿ ವರ್ಗಾಯಿಸುವುದಕ್ಕಾಗಲಿ ಬರುವುದಿಲ್ಲ. ಪಾಲಿಶ್ ಯಂತ್ರದ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ?

ಯಾರಾದರೂ ಹಿಂದೆಯೇ ಉಜ್ಜಿಸಿದ್ದಾರೆಯೇ ಎಂಬುದನ್ನು ನೋಡುವ ಬಗೆ ಹೇಳುತ್ತೇನೆ. ಅಕ್ಷರದ ಅಂಚಿಗೆ ಉಗುರು ತಾಗಿಸಿ. ಅಸಲು ಅಚ್ಚಿನ ಅಂಚು ಉಗುರಿಗೆ ಚುಚ್ಚುತ್ತದೆ, ಉಜ್ಜಿದ್ದು ಜಾರುತ್ತದೆ. ಸ್ಕ್ರೂ ರಂಧ್ರದ ಸುತ್ತ ಲೋಹ ತಟ್ಟೆಯಂತೆ ತಗ್ಗಾಗಿದ್ದರೆ ಅದೂ ಉಜ್ಜಿದ ಗುರುತು. ಸ್ಕ್ರೂ ತಲೆಯ ಸೀಳನ್ನೂ ನೋಡಿ. ಇಂಗ್ಲಿಷ್ ಕೆಲಸದಲ್ಲಿ ಸೀಳು ಬಹಳ ಸಣ್ಣದು. ನಮ್ಮ ಕಡೆಯವರು ಸೈಕಲ್ ರಿಪೇರಿಯ ಸ್ಕ್ರೂಡ್ರೈವರ್ ಹಾಕಿ ಅದನ್ನು ಹರಿದಿರುತ್ತಾರೆ. ಸೀಳು ಹರಿದ ಸ್ಕ್ರೂ ಕಂಡರೆ ಆ ಭಾಗ ಒಮ್ಮೆಯಾದರೂ ಬಿಚ್ಚಿದೆ ಎಂದರ್ಥ. ಮರ ಮತ್ತು ಲೋಹ ಸೇರುವ ಕಡೆ ಬೆರಳು ಆಡಿಸಿ. ಹೊಸದಾಗಿದ್ದಾಗ ಮರ ಕೂದಲೆಳೆಯಷ್ಟು ಎತ್ತರ ಇರುತ್ತದೆ. ಮರವೇ ತಗ್ಗಿದ್ದರೆ ಮರಳು ಕಾಗದ ಆಡಿದೆ.

ಬೀಟೆಮರ

ಮುಂದಿನ ಹಿಡಿ ಕಪ್ಪಗೆ, ಭಾರವಾಗಿದೆ ಎಂದಿರಲ್ಲ, ನೂರಕ್ಕೆ ತೊಂಬತ್ತು ಬೀಟೆ. ಹಿಂದಿನದು ಅಕ್ರೋಟ್, ಅಂದರೆ ಅಸಲಿರಬಹುದು. ಮಲೆನಾಡಿನ ಮಳೆಗೆ ಅಕ್ರೋಟ್ ಬೂಸಲು ಹಿಡಿದು, ನಳಿಗೆಯ ಕೆಳಗೆ ನೀರು ನಿಂತು ಸೀಳುತ್ತದೆ. ಆಗ ಊರಿನ ಆಚಾರಿಯ ಬಳಿ ಒಯ್ದರೆ ಅವರು ಇದ್ದ ಮರದಲ್ಲಿ ಮಾಡಿಕೊಡುತ್ತಿದ್ದರು. ಬೀಟೆ, ಹೊನ್ನೆ, ಒಮ್ಮೊಮ್ಮೆ ಹಲಸು. ಹಲಸಿನದಾದರೆ ಹೊಸತರಲ್ಲಿ ಹಳದಿ, ನೋಡಿದ ಕೂಡಲೇ ತಿಳಿಯುತ್ತದೆ.

ಖಚಿತಪಡಿಸಿಕೊಳ್ಳಲು ಮರದ ಒಳಗಿನ ತೋಡು ನೋಡಬೇಕು. ಕಾರ್ಖಾನೆಯದು ಯಂತ್ರದ ಕೆಲಸ, ತಳ ಒಂದೇ ಸಮ ಇರುತ್ತದೆ. ಆಚಾರಿಯದರಲ್ಲಿ ಉಳಿಯ ಪೆಟ್ಟು ಮೀನಿನ ಹುರುಪೆಯ ಹಾಗೆ ಸಾಲಾಗಿ ಕಾಣುತ್ತದೆ. ನಮ್ಮ ತಂದೆ ಮಾಡಿದ ಎರಡು ಹಿಡಿಗಳನ್ನು ಇವತ್ತಿಗೂ ಆ ಪೆಟ್ಟಿನಿಂದಲೇ ಗುರುತು ಹಿಡಿಯುತ್ತೇನೆ. ಅವರು ಎಡಗೈಯವರು, ಹುರುಪೆ ಎದುರು ದಿಕ್ಕಿಗೆ ಬಾಗಿರುತ್ತದೆ.

ಅಸಲಲ್ಲ ಎಂದು ಬೀಟೆಯ ಹಿಡಿಯನ್ನು ತೆಗೆದು ಎಸೆಯಬೇಡಿ. ಅದಕ್ಕೂ ಐವತ್ತು ಅರವತ್ತು ವರ್ಷವಾಗಿರಬಹುದು.

ಬರ್ಮಿಂಗ್ಹ್ಯಾಮ್ ಕನ್ನಡಿಗ

ತಡವಾಗಿ ಬಂದೆ. ಊರು ತೀರ್ಥಹಳ್ಳಿ, ಕೆಲಸ ಬರ್ಮಿಂಗ್ಹ್ಯಾಮ್‌ನಲ್ಲಿ. ನಾನು ದಿನಾ ರೈಲು ಇಳಿಯುವ ನಿಲ್ದಾಣದಿಂದ ಸ್ವಲ್ಪ ನಡೆದರೆ ಬ್ಯಾನ್ಬರಿ ಬೀದಿಯಲ್ಲಿ ಇಲ್ಲಿನ ಪ್ರೂಫ್ ಹೌಸ್ ಇದೆ. 1813ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದದ್ದು, ಇಂದಿಗೂ ಅದೇ ಕೆಲಸ. ಮಾರಾಟಕ್ಕೆ ಮುಂಚೆ ಪ್ರತಿ ನಳಿಗೆಯಲ್ಲೂ ಬೇಕೆಂದೇ ಹೆಚ್ಚು ಬಲದ ತೋಟೆ ಹಾರಿಸಿ, ಸಿಡಿಯದೆ ಉಳಿದರೆ ಮುದ್ರೆ ಒತ್ತುತ್ತಾರೆ. ನಿಮ್ಮ ಕಿರೀಟಗಳು ಆ ಮುದ್ರೆಗಳೇ.

ಕಿರೀಟಗಳ ಕೆಳಗಿನ ಅಕ್ಷರ ಸರಿಯಾಗಿ ಓದಿ ಹೇಳಿ. ‘ಬಿ.ಪಿ.’, ‘ಬಿ.ವಿ.’, ‘ಎನ್.ಪಿ.’ ಎಂದು ಬೇರೆ ಬೇರೆಯಾಗಿ ಇದ್ದರೆ 1904ರ ನಿಯಮದ ಮುದ್ರೆಗಳು, 1954ರವರೆಗೆ ನಡೆದವು. ಆಮೇಲೆ ‘ಬಿ.ಎನ್.ಪಿ.’ ಎಂಬ ಒಂದೇ ಮುದ್ರೆ ಬಂತು. 1904ಕ್ಕಿಂತ ಹಳೆಯದಾದರೆ ಕಿರೀಟದ ಕೆಳಗೆ ಅಡ್ಡಡ್ಡವಾಗಿ ಇಟ್ಟ ಎರಡು ರಾಜದಂಡಗಳು ಇರಬೇಕು. 244ರ ಪಕ್ಕದಲ್ಲಿ ‘ಕಾರ್ಡೈಟ್’ (ಆಗಿನ ತೋಟೆಯ ಮದ್ದಿನ ಹೆಸರು) ಎಂಬ ಪದ ಇದೆಯೇ? ಇದ್ದರೆ ಅದೂ ಇದೇ ಕಾಲದ್ದು. 1954ರ ನಂತರ ಮದ್ದಿನ ತೂಕದ ಬದಲು ಒತ್ತಡವನ್ನು ಟನ್ ಲೆಕ್ಕದಲ್ಲಿ ಬರೆಯತೊಡಗಿದರು.

ಪ್ರೂಫ್ ಮುದ್ರೆ ನಳಿಗೆಯ ವಯಸ್ಸನ್ನು ಹೇಳುತ್ತದೆ, ಒಡಲಿನದನ್ನಲ್ಲ. ನಳಿಗೆ ಬದಲಾಯಿಸಿದ್ದರೆ ಲೆಕ್ಕವೇ ಬೇರೆ.

ಹಾನುಬಾಳು ಕಾಫಿ

ದೊಡ್ಡಪ್ಪನ ಎದುರೇ, ಬೋಲ್ಟ್ ತೆಗೆದು ಖಾಲಿ ಎಂದು ಎರಡೆರಡು ಸಲ ನೋಡಿಕೊಂಡು, ಸೀಮೆಎಣ್ಣೆ ಅದ್ದಿದ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಅಂಗಳದ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಕುಳಿತದ್ದು ನೋಡಿ ದೊಡ್ಡಮ್ಮ ‘ಕಾಫಿ ಕೊಯ್ಲಿನ ದಿನ ಇದೇನು ಹೇನು ಹೆಕ್ಕುವ ಕೆಲಸ?’ ಎಂದು ಬೈದರು.

ಸಿಕ್ಕಿದ್ದು: ಮೂರು ಬಂದೂಕುಗಳ ಗುರುತು ಇದೆ! ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಮೂರೂ ಇವೆ. ಕಾರ್ಡೈಟ್ ಎಂಬ ಪದವೂ ಇದೆ. ಹಿಡಿಯ ಪಟ್ಟಿಯ ಮೇಲೆ ಮಣ್ಣು, ಎಣ್ಣೆ ಗಟ್ಟಿಯಾಗಿ ಕೂತಿದ್ದ ಕಡೆ ‘ಬಿ.ಎಸ್.ಎ. ಗನ್ಸ್ ಲಿಮಿಟೆಡ್’ ಎಂದು ಕಂಡಿತು. ಒಡಲಿನ ಸಂಖ್ಯೆ 42ರಲ್ಲಿ ಮುಗಿಯುತ್ತದೆ, ನಳಿಗೆಯ ಬುಡದಲ್ಲೂ ಅದೇ 42. ಬೋಲ್ಟಿನದು ಮಾತ್ರ 67.

ಪರವಾನಗಿ ಪುಸ್ತಕದಲ್ಲಿ ಇರುವುದು 67ರ ಸಂಖ್ಯೆ.

ಬರ್ಮಿಂಗ್ಹ್ಯಾಮ್ ಕನ್ನಡಿಗ

ದೊಡ್ಡಪ್ಪನವರಿಗೆ ನನ್ನ ಕ್ಷಮೆ ಹೇಳಿಬಿಡಿ. ದರ್ಬಾರೂ ಹೋಯಿತು.

ಬಿ.ಎಸ್.ಎ. ಎಂದರೆ ಬರ್ಮಿಂಗ್ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಶುರುವಾದ ಕಂಪನಿ. ಮೂರು ಬಂದೂಕುಗಳ ಗುರುತು ಅವರದೇ. ನಮ್ಮವರಿಗೆ ಮೋಟಾರ್ ಸೈಕಲ್ಲಿನಿಂದ ಹೆಚ್ಚು ಪರಿಚಯ. ಕೋವಿಗೆ, ಸೈಕಲ್ಲಿಗೆ, ಉಪಕರಣಗಳಿಗೆ ಬೇರೆ ಬೇರೆ ಅಂಗಸಂಸ್ಥೆ ಮಾಡಿದ್ದು 1919ರಲ್ಲಿ. ‘ಗನ್ಸ್ ಲಿಮಿಟೆಡ್’ ಎಂಬ ಹೆಸರು ಹುಟ್ಟಿದ್ದೇ ಆಗ. ಆದ್ದರಿಂದ ಆ ಹೆಸರಿರುವ ರೈಫಲ್ 1919ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಮುದ್ರೆಗಳ ಪ್ರಕಾರ 1954ರ ಈಚಿನದೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಆ ಕಾರ್ಖಾನೆ ಹಗಲೂ ರಾತ್ರಿ ಸೈನ್ಯಕ್ಕೆ ದುಡಿಯಿತು. 1940ರ ನವೆಂಬರ್ 19ರ ರಾತ್ರಿ ಜರ್ಮನ್ ಬಾಂಬಿಗೆ ಸ್ಮಾಲ್ ಹೀತ್‌ನ ಕಟ್ಟಡ ಕುಸಿದು 53 ಕೆಲಸಗಾರರು ಸತ್ತರು. ಶಿಕಾರಿ ರೈಫಲ್ ಮಾಡುವ ಬಿಡುವು ಆಗ ಅವರಿಗೆಲ್ಲಿ? ನನ್ನ ಅಂದಾಜು ಇಪ್ಪತ್ತು ಅಥವಾ ಮೂವತ್ತರ ದಶಕ. 1921ರ ನಂತರ ಪ್ರೂಫ್ ಹೌಸಿನವರು ವರ್ಷಕ್ಕೊಂದು ಅಕ್ಷರದ ಸಣ್ಣ ಗುರುತನ್ನೂ ಒತ್ತುತ್ತಿದ್ದರು. ಅದು ಮುಂದಿನ ಹಿಡಿಯ ಮರದ ಅಡಿಯಲ್ಲಿ ಅಡಗಿರಬಹುದು. ಸಿಕ್ಕಿದರೆ ವರ್ಷವನ್ನೇ ಹೇಳಬಹುದು.

ಕರಿಮೆಣಸು

ಸುರಕ್ಷತಾ ಕೀಲಿ ಬೋಲ್ಟಿನ ಹಿಂತುದಿಯಲ್ಲಿದ್ದರೆ ಹಳೆಯದು, ಎಡಬದಿಯಲ್ಲಿದ್ದರೆ ಹೊಸದು ಎಂದು ಕೇಳಿದ್ದೇನೆ. ಅದನ್ನು ನೋಡಿದರೆ ಆಗುವುದಿಲ್ಲವೇ?

ನಿವೃತ್ತ ಆರ್ಮರರ್

ಸೈನ್ಯದ ರೈಫಲಿಗೆ ಆ ಮಾತು ಸರಿ. 20ನೇ ಶತಮಾನದ ಆರಂಭದ ಗಿಡ್ಡ ಲೀ-ಎನ್‌ಫೀಲ್ಡಿನಲ್ಲಿ ಕೀಲಿ ಎಡಬದಿಗೆ ಬಂತು. ಶಿಕಾರಿಯವುಗಳಲ್ಲಿ ಹಳೆಯ ವಿಧಾನವನ್ನೇ ಬಹಳ ಕಾಲ ಇಟ್ಟುಕೊಂಡಿದ್ದರು. ಅದೊಂದನ್ನೇ ನಂಬಿ ವಯಸ್ಸು ಹೇಳಬೇಡಿ.

ಈಗ ಬೋಲ್ಟಿನ ವಿಷಯ. ಹಾನುಬಾಳಿನವರೇ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಡಲು ಮತ್ತು ನಳಿಗೆಗೆ 42, ಬೋಲ್ಟಿಗೆ 67 ಎಂದರೆ ಬೋಲ್ಟ್ ಇನ್ನೊಂದು ರೈಫಲಿನದು. ಲೀ ಒಡಲಿಗೆ ಬೇರೆ ಬೋಲ್ಟ್ ಸಲೀಸಾಗಿ ಹೋಗಿ ಕೂರುತ್ತದೆ, ಅದೇ ಅಪಾಯ. ಈ ತೋಟೆಯ ತಳದಲ್ಲಿ ಅಂಚು ಇರುತ್ತದೆ. ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವೆ ಆ ಅಂಚು ಕೂರುವಷ್ಟೇ ಜಾಗ ಇರಬೇಕು. ಕಾರ್ಖಾನೆಯಲ್ಲಿ ಒಂದೊಂದು ಬೋಲ್ಟನ್ನೂ ಅದರದರ ಒಡಲಿಗೆ ಹೊಂದಿಸಿ, ಅದಕ್ಕಾಗಿಯೇ ಸಂಖ್ಯೆ ಒತ್ತುತ್ತಾರೆ. ಜಾಗ ಹೆಚ್ಚಾದರೆ ಹಿತ್ತಾಳೆಯ ತೋಟೆ ಪ್ರತಿ ಈಡಿಗೂ ಹಿಂದಕ್ಕೆ ಹಿಗ್ಗುತ್ತದೆ, ಒಂದು ದಿನ ಬುಡದಲ್ಲಿ ಎರಡು ಹೋಳಾಗಿ ಬಿಸಿ ಅನಿಲ ಹಾರಿಸುವವನ ಕಣ್ಣಿನ ಕಡೆಗೇ ಬರುತ್ತದೆ.

ಹಳೆಯ ಖಾಲಿ ತೋಟೆ ಮನೆಯಲ್ಲಿದ್ದರೆ ನೋಡಿ. ತಳದಿಂದ ಅರ್ಧ ಬೆರಳು ಮೇಲೆ ಸುತ್ತಲೂ ಹೊಳೆಯುವ ಒಂದು ಗೆರೆ ಇದೆಯೇ? ಇದ್ದರೆ ಈ ರೈಫಲ್ ಗೋಡೆಯ ಮೇಲೆಯೇ ಇರಲಿ. ಪರವಾನಗಿ ಇರುವ ಕೋವಿ ಕೆಲಸದವರ ಬಳಿ ಆ ಜಾಗವನ್ನು ಗೇಜ್ (ಅಳತೆಯ ಅಚ್ಚು) ಹಾಕಿ ಅಳೆಸುವವರೆಗೆ ಒಂದು ಈಡೂ ಬೇಡ.

ಮಡಿಕೇರಿ ಮಳೆ

ನಮ್ಮ ಕೊಡಗಿನಲ್ಲಿ ಪರವಾನಗಿ ಬೇಕಿಲ್ಲ, ವಿನಾಯಿತಿ ಪತ್ರ ಸಾಕು (ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ವಿಸ್ತರಿಸಿದರು). ಸಂಖ್ಯೆಯ ಗೋಳು ಮಾತ್ರ ನಮ್ಮಲ್ಲೂ ಇದೆ. ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದಿಗೆ ಕೋವಿಗಳನ್ನು ಸಾಲಾಗಿ ಇಟ್ಟು ಪೂಜೆ ಮಾಡುವಾಗ ನೋಡಿದರೆ ನಮ್ಮ ಐನ್‌ಮನೆಯಲ್ಲಿ (ಕುಲದ ಮೂಲಮನೆ) ಮೂರು ಜೋಡುನಳಿಗೆ ಕೋವಿಗಳ ಮುಂದಿನ ಮರಗಳು ಅದಲು ಬದಲಾಗಿದ್ದವು. ಒಬ್ಬರೇ ಒಂದೇ ದಿನ ಎಲ್ಲವನ್ನೂ ಒರೆಸಿದ್ದರ ಫಲ.

ನನಗೆ ಅನಿಸುವುದು: ಬರೆದುಕೊಂಡ ಗುಮಾಸ್ತರು ಕಣ್ಣಿಗೆ ಎದುರಾದ ಸಂಖ್ಯೆ ಬರೆದಿದ್ದಾರೆ. ಕೋವಿಯನ್ನು ಮೇಜಿನ ಮೇಲೆ ಮಲಗಿಸಿದರೆ ಮೇಲೆ ಕಾಣುವುದು ಬೋಲ್ಟಿನ ಕೈಹಿಡಿಯೇ. ಇದಕ್ಕಿಂತ ಹಳೆಯ ಪುಸ್ತಕ ಇದೆಯೇ?

ಹಾನುಬಾಳು ಕಾಫಿ

ಇದೆ! ಮಡಿಕೇರಿಯವರೇ, ನಿಮ್ಮ ಬಾಯಿಗೆ ಸಕ್ಕರೆ. ಅಜ್ಜನ ಕಾಲದ ಪುಸ್ತಕ ದೇವರಮನೆಯ ಪೆಟ್ಟಿಗೆಯಲ್ಲಿ, ಜಾತಕಗಳ ಕೆಳಗೆ ಇತ್ತು. ಇರುವೆ ಹುಡಿ ಹಾಕಿದ್ದರಿಂದ ಉಳಿದುಕೊಂಡಿದೆ. ಅದರಲ್ಲಿ ಬಿ.ಎಸ್.ಎ. ಎಂದೇ ಇದೆ, ಸಂಖ್ಯೆ 42ರದು. 1987ರಲ್ಲಿ ಹೊಸ ಪುಸ್ತಕಕ್ಕೆ ನಕಲು ಮಾಡಿದಾಗ ತಯಾರಕರು ರೋಡಾ ಆದರು, ಸಂಖ್ಯೆ 67 ಆಯಿತು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿ ನವೀಕರಣದಲ್ಲೂ ಅದೇ ತಪ್ಪಿನ ಮೇಲೆ ಮುದ್ರೆ ಬಿದ್ದಿದೆ.

ಖಾಲಿ ತೋಟೆ ನಾಲ್ಕು ಸಿಕ್ಕಿದವು. ತಳದಲ್ಲಿ ‘ಕೆ.ಎಫ್.’ ಎಂದಿದೆ. ಆರ್ಮರರ್ ಸರ್, ಮೂರರಲ್ಲಿ ನೀವು ಹೇಳಿದ ಗೆರೆ ಸ್ಪಷ್ಟವಾಗಿದೆ. ನಾಲ್ಕನೆಯದರಲ್ಲಿ ಗೆರೆಯ ಜಾಗದಲ್ಲಿ ಕೂದಲಿನಷ್ಟು ಬಿರುಕು. ಅದನ್ನು ನೋಡಿ ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ನಿವೃತ್ತ ಆರ್ಮರರ್

ಕೆ.ಎಫ್. ಎಂದರೆ ಪುಣೆಯ ಖಡ್ಕಿ ಕಾರ್ಖಾನೆ. ತೋಟೆಯಲ್ಲಿ ದೋಷವಿಲ್ಲ. ದೊಡ್ಡಪ್ಪನವರ ಕಣ್ಣು ಉಳಿದದ್ದೇ ಪುಣ್ಯ, ಆಯುಸ್ಸು ದೊಡ್ಡದು.

1987ರ ಹೊತ್ತಿಗೇ ಬೋಲ್ಟ್ ಬದಲಾಗಿತ್ತು ಎಂಬುದು ಈಗ ಖಚಿತ. ಆಗ ಹತ್ತಿರದಲ್ಲಿ ಇನ್ನಾರ ಬಳಿಯಾದರೂ .315 ಇತ್ತೇ ಎಂದು ಅವರನ್ನೇ ಕೇಳಿ. ಬೋಲ್ಟ್ ಗಾಳಿಯಲ್ಲಿ ಹಾರಿ ಬರುವುದಿಲ್ಲ.

ಹಾನುಬಾಳು ಕಾಫಿ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ.

ಕೇಳಿದ್ದಕ್ಕೆ ದೊಡ್ಡಪ್ಪ ತಟ್ಟನೆ ಹೇಳಿದರು. ಪಕ್ಕದ ತೋಟದವರದೂ .315. ಅದೂ ಅದೇ ದೊರೆಯ ಮನೆಯಿಂದ ಬಂದದ್ದು, ಇಬ್ಬರು ಗೆಳೆಯರು ಒಂದೊಂದು ತೆಗೆದುಕೊಂಡಿದ್ದರು. ಒಂದು ಚುನಾವಣೆಯಲ್ಲಿ ಎರಡನ್ನೂ ಒಟ್ಟಿಗೆ ಠೇವಣಿ ಇಟ್ಟು, ಬಿಡಿಸಿಕೊಂಡು ಬರುವಾಗ ತುಕ್ಕು ಹಿಡಿದಿದ್ದವೆಂದು ದಾರಿಯಲ್ಲಿ ಒಬ್ಬ ಮೇಸ್ತ್ರಿಯ ಬಳಿ ಬಿಟ್ಟಿದ್ದರಂತೆ. ಆತ ಎರಡರ ಬೋಲ್ಟನ್ನೂ ಒಂದೇ ಡಬ್ಬಿಯ ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ.

ಮೊನ್ನೆ ಭಾನುವಾರ ಹೋಗಿ ನೋಡಿದೆವು. ಆ ಮನೆಯ ಅಜ್ಜಿ ಕೋವಿ ತೋರಿಸುವುದಕ್ಕೆ ಮುಂಚೆ ಕಡುಬು ತಿನ್ನಿಸಿದರು. ಅವರ ಒಡಲಿನಲ್ಲಿ 67, ಬೋಲ್ಟಿನಲ್ಲಿ 42. ಅವರ ಪುಸ್ತಕದಲ್ಲಿ ಮಾತ್ರ ಸರಿಯಾಗಿ 67 ಎಂದಿದೆ. ಅಂದರೆ ಕಾಗದದ ಪ್ರಕಾರ ಇಷ್ಟು ವರ್ಷ ಒಂದೇ ರೈಫಲ್ ಎರಡು ಮನೆಯಲ್ಲಿತ್ತು, ನಮ್ಮದು ಎಲ್ಲಿಯೂ ಇರಲಿಲ್ಲ.

ಹಳೇ ಸಾಮಾನು

ಅಲ್ಲಿಯೇ ಜಗಲಿಯ ಮೇಲೆ ಅದಲು ಬದಲು ಮಾಡಿಕೊಳ್ಳಲಿಲ್ಲ ತಾನೆ? ಬೋಲ್ಟ್ ಕೂಡ ಕಾನೂನಿನ ಕಣ್ಣಿಗೆ ಕೋವಿಯ ಭಾಗವೇ. ಎರಡೂ ಮನೆಯವರು ಹಳೆಯ ಪುಸ್ತಕದ ನಕಲು, ಸಂಖ್ಯೆಗಳ ಹತ್ತಿರದ ಚಿತ್ರ ಇಟ್ಟು ತಿದ್ದುಪಡಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬೋಲ್ಟಿನ ಕೆಲಸ ಪರವಾನಗಿ ಇರುವ ಅಂಗಡಿಯಲ್ಲಿ, ರಸೀದಿಯ ಸಮೇತ ಆಗಲಿ. ವರ್ಗಾವಣೆಯ ಅರ್ಜಿ ಆಮೇಲೆ.

ನಿವೃತ್ತ ಆರ್ಮರರ್

ಇನ್ನೊಂದು. ಲೀ ಬೋಲ್ಟಿನ ತಲೆ ತಿರುಪಿ ಬಿಚ್ಚುವಂಥದ್ದು. ಒಂದೇ ಡಬ್ಬಿಯಲ್ಲಿ ನೆನೆಹಾಕಿದವನು ತಲೆಗಳನ್ನೂ ಬಿಚ್ಚಿದ್ದನೋ ಏನೋ. ಸಂಖ್ಯೆ ಇರುವುದು ಕೈಹಿಡಿಯ ಮೇಲೆ, ತಲೆಯ ಮೇಲಲ್ಲ. ಆದ್ದರಿಂದ 42ಕ್ಕೆ 42 ಸೇರಿದ ಮೇಲೂ ಎರಡೂ ರೈಫಲಿಗೆ ಗೇಜ್ ಹಾಕಿಸಿಯೇ ತೀರಬೇಕು.

ಹಾನುಬಾಳು ಕಾಫಿ

ಆಗಲಿ ಸರ್. ಅರ್ಜಿ ಕೊಟ್ಟಾಗಿದೆ. ಅಂಗಡಿಯವರು ಕೊಯ್ಲು ಮುಗಿದ ಮೇಲೆ ಬನ್ನಿ ಎಂದಿದ್ದಾರೆ. ಮುಂದಿನ ಮರ ಬಿಚ್ಚಿದಾಗ ಅಡಿಯ ಅಕ್ಷರವನ್ನೂ, ಉಳಿಯ ಪೆಟ್ಟನ್ನೂ ಚಿತ್ರ ತೆಗೆದು ಹಾಕುತ್ತೇನೆ.

ದರ್ಬಾರಿನ ವಿಷಯ ದೊಡ್ಡಪ್ಪನಿಗೆ ಹೇಳಿದೆ. 1919, ಗನ್ಸ್ ಲಿಮಿಟೆಡ್, ಎಲ್ಲವನ್ನೂ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಹಾಗಾದರೆ ದರ್ಬಾರಿಗೆ ಹೋದದ್ದು ಪಕ್ಕದ ಮನೆಯದು ಇರಬೇಕು’ ಎಂದರು.

ಕರಿಮೆಣಸು

ನಮ್ಮ ಅಟ್ಟದ ಜೋಡುನಳಿಗೆಯ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂದು ಒತ್ತಿದೆ. ಇದು ನಕಲಿ ಎಂದು ಅರ್ಥವೇ?

ಬರ್ಮಿಂಗ್ಹ್ಯಾಮ್ ಕನ್ನಡಿಗ

ಅಲ್ಲ, ಹೊರದೇಶದಲ್ಲಿ ತಯಾರಾಗಿ ಇಲ್ಲಿ ಪರೀಕ್ಷೆಯಾದದ್ದು ಎಂದಷ್ಟೇ ಅರ್ಥ. ಬೇರೆ ಚರ್ಚೆ ಶುರುಮಾಡಿ, ಅಲ್ಲಿಗೆ ಬರುತ್ತೇನೆ. ಅಷ್ಟರಲ್ಲಿ ಪಾಲಿಶ್ ಮಾಡಿಸಬೇಡಿ.